ಒದ್ದರೆ ಹರಿಯುವ ಹಗ್ಗ

ಚನಿಯಪ್ಪನ ಹೆಣಕ್ಕೆ ಸ್ನಾನ ಮಾಡಿಸುವಾಗ ಅವನ ತಾಯಿ ತಿಮ್ಮಕ್ಕ ಸೊಸೆಯ ಕಡೆ ತಿರುಗಿ ಆಡಿದ ಮಾತು ಅಂಗಳದಲ್ಲಿದ್ದ ಅಷ್ಟೂ ಜನರಿಗೆ ಕೇಳಿಸಿತು.

"ನೀನು ಹೊಸೆದ ಹಗ್ಗವೇ ನನ್ನ ಮಗನನ್ನು ನುಂಗಿತಲ್ಲ ಶೀಲಾ!"

ಅಲ್ಲ ಎಂದು ಯಾರೂ ಹೇಳಲಿಲ್ಲ. ಶೀಲಾವತಿ ಗಂಡನ ಕಾಲ ಬುಡದಲ್ಲಿ ಕೂತಿದ್ದಳು. ಎಡಗಾಲಿನ ಪಾದದ ಗಂಟಿನ ಮೇಲೆ ಸುತ್ತಲೂ ಒಂದು ಗಾಯವಿತ್ತು. ಕಡ್ಡಿಯಷ್ಟೂ ದಪ್ಪವಿಲ್ಲ, ಬಹಳ ಸಪೂರ, ಆದರೆ ಮಾಂಸದೊಳಗೆ ಇಳಿದದ್ದು. ಅವಳು ಹೊಸೆಯುತ್ತಿದ್ದ ಬಾಳೆನಾರಿನ ಹಗ್ಗ ಕಿರುಬೆರಳಿನ ದಪ್ಪ. ಅದು ಚರ್ಮವನ್ನು ತರಚೀತು, ಕೊಯ್ಯಲಾರದು. ಅವಳು ತಲೆ ಎತ್ತಿ ಬಾವಿಕಟ್ಟೆಯ ಹತ್ತಿರ ನಿಂತಿದ್ದ ತನ್ನ ಅಣ್ಣ ಅಚ್ಚುತನನ್ನು ನೋಡಿದಳು. ಅಚ್ಚುತ ತೆಂಗಿನಮರದ ತಲೆ ನೋಡುತ್ತಿದ್ದ.

ಇದು ತನ್ನ ಹಗ್ಗ ಅಲ್ಲ ಎಂದು ಅವಳಿಗೆ ಆಗಲೇ ಗೊತ್ತಾಯಿತು. ಅಣ್ಣನಿಗೂ ಅದು ಗೊತ್ತಿದೆ ಎಂಬುದೂ ಗೊತ್ತಾಯಿತು. ಅವಳಿಗೆ ಅಳು ಬರಲಿಲ್ಲ.

ಬಾತುಬೇಟೆಗೆ ಹೋಗಿ ಹೊಳೆಯಲ್ಲಿ ಮುಳುಗಿ ಸತ್ತ ಚನಿಯಪ್ಪನ ಬಗ್ಗೆ ಊರು ಆಡಿದ ಮಾತುಗಳನ್ನು ಮೊದಲೇ ಹೇಳಿ ಮುಗಿಸುವುದು ಒಳ್ಳೆಯದು. ಹಕ್ಕಿಯ ಶಾಪ ತಟ್ಟಿತು ಅಂದರು. ಕುಡಿದಿದ್ದ ಅಂದರು, ಆ ಬೆಳಿಗ್ಗೆ ಅವನ ಹೊಟ್ಟೆಯಲ್ಲಿ ಇದ್ದದ್ದು ಒಂದು ಲೋಟ ಬೆಲ್ಲದ ಕಾಫಿ. ಹಕ್ಕಿಗೆ ಒಡ್ಡಿದ್ದರಲ್ಲಿ ತಾನೇ ಸಿಕ್ಕಿಬಿದ್ದ ಅಂದರು. ಹಾಗೆ ಅಂದವರು ತಾವೊಂದು ಹೊಸ ಗಾದೆ ಕಟ್ಟಿದ ಗತ್ತಿನಲ್ಲಿ ಎಲೆಗೆ ಸುಣ್ಣ ಸವರಿಕೊಂಡರು. ಇವರಲ್ಲಿ ಒಬ್ಬರಾದರೂ ಚನಿಯಪ್ಪನ ಹಗ್ಗವನ್ನು ಕೈಯಲ್ಲಿ ಹಿಡಿದು ನೋಡಿದವರಲ್ಲ. ಅವನ ಹಗ್ಗ ಯಾರನ್ನೂ ಹಿಡಿಯುತ್ತಿರಲಿಲ್ಲ. ಹಿಡಿಯಬಾರದು ಎಂದೇ ಅವನು ವರ್ಷಗಟ್ಟಲೆ ಜನರ ಗೇಲಿ ಕೇಳಿಸಿಕೊಂಡದ್ದು.

ಕಡಬದಿಂದ ಕೆಳಗೆ ಕುಮಾರಧಾರೆ ಒಂದು ದೊಡ್ಡ ಬಂಡೆಗೆ ಬಡಿದು ತಿರುಗುವಲ್ಲಿ ಒಂದು ಕಯ ಇದೆ. ಕಯ ಎಂದರೆ ಬೇಸಗೆಯಲ್ಲೂ ಕಾಲಿಗೆ ನೆಲ ಸಿಗದ ಮಡು. ಚನಿಯಪ್ಪನ ಮನೆ ಅದರ ಮೇಲಿನ ದಿಣ್ಣೆಯಲ್ಲಿ. ಒಂದಿಷ್ಟು ಗದ್ದೆ, ಹಿತ್ತಿಲಲ್ಲಿ ಬಾಳೆ, ಅಂಗಳದ ಅಂಚಿಗೆ ಒಂದು ಹಲಸಿನ ಮರ. ಮಳೆಗಾಲ ಮುಗಿದು ಹೊಳೆ ತಿಳಿಯಾದ ಮೇಲೆ ಆ ಕಯಕ್ಕೆ ಸಿಳ್ಳೆಬಾತುಗಳು ಇಳಿಯುತ್ತವೆ. ಈ ಬಾತುಗಳು ಖಾಲಿ ನೀರನ್ನು ನಂಬುವುದಿಲ್ಲ. ತಮ್ಮ ಜಾತಿಯವು ಮೊದಲೇ ಗುಂಪಾಗಿ ಕೂತದ್ದು ಕಂಡರೆ ಮಾತ್ರ ರೆಕ್ಕೆ ಮಡಚುತ್ತವೆ. ಅದಕ್ಕೇ ಬೇಟೆಯವರು ಮರದ ಬಾತು ಮಾಡಿ ನೀರಿನಲ್ಲಿ ತೇಲಿಸುವುದು. ಹಳಗನ್ನಡದವರು ದೀಮ ಎಂದದ್ದು ಇಂಥದ್ದನ್ನೇ. ಚನಿಯಪ್ಪ ಮಾತ್ರ ಅವನ್ನು ನೆಂಟರು ಎಂದು ಕರೆಯುತ್ತಿದ್ದ. "ನೆಂಟರು ಕೂತಲ್ಲಿಗೆ ನೆಂಟರು ಬರುದು ಮಾರಾಯ. ನಾವೂ ಹಾಗೇ ಅಲ್ವ?" ಎನ್ನುತ್ತಿದ್ದ.

ಪಾಲೆಮರದ ತುಂಡು ತಂದು, ಒಣಗಿಸಿ, ಉಳಿಯಲ್ಲಿ ಕೆತ್ತಿ, ಗೇರುಬೀಜದ ಸಿಪ್ಪೆಯ ಎಣ್ಣೆ ಸವರಿದರೆ ಬಾತು ಆಯಿತು. ಅಷ್ಟು ಮಾಡಬಲ್ಲವರು ಆ ಕಡೆ ಸುಮಾರು ಜನ ಇದ್ದರು. ಕಷ್ಟ ಇರುವುದು ಅದನ್ನು ನೀರಿನಲ್ಲಿ ನಿಲ್ಲಿಸುವುದರಲ್ಲಿ. ಬಾತಿನ ಎದೆಗೆ ಹಗ್ಗ, ಹಗ್ಗದ ತುದಿಗೆ ಕಲ್ಲು, ಕಲ್ಲು ಹೊಳೆಯ ತಳದಲ್ಲಿ. ಕೇಳಲಿಕ್ಕೆ ಇಷ್ಟೇ. ಆದರೆ ಹಗ್ಗವನ್ನು ಹೊಟ್ಟೆಯ ನಡುವಿಗೆ ಕಟ್ಟಿದರೆ ಬಾತು ಹರಿವಿಗೆ ಗಿರಗಿರ ತಿರುಗುತ್ತದೆ. ಎದೆಗೆ ಕಟ್ಟಿದರೆ ಮಾತ್ರ ನಿಜವಾದ ಹಕ್ಕಿಯ ಹಾಗೆ ಹರಿವಿಗೆ ಮುಖ ಮಾಡಿ ನಿಲ್ಲುತ್ತದೆ. ಹಗ್ಗ ಗಿಡ್ಡವಾದರೆ ಬಾತು ನೀರಿಗೆ ಮೂಗು ತೂರುತ್ತದೆ, ಉದ್ದವಾದರೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಕಯದ ಆಳಕ್ಕಿಂತ ಒಂದು ಮೊಳ ಹೆಚ್ಚು, ಅದು ಅವನ ಲೆಕ್ಕ. ಕಲ್ಲಿನ ವಿಷಯಕ್ಕೆ ಬಂದರೆ ಚನಿಯಪ್ಪ ಹೆಣ್ಣು ನೋಡಲು ಹೋದ ಸೋದರಮಾವನಿಗಿಂತ ಕಠಿಣ. ಉರುಟು ಕಲ್ಲು ಹೊಳೆಯಲ್ಲಿ ಉರುಳುತ್ತದೆ, ಬೇಡ. ಚಪ್ಪಟೆ, ಉದ್ದನೆಯ ಕಲ್ಲೇ ಆಗಬೇಕು, ನಡುವಿಗೆ ಚಾಣದಿಂದ ಗೀರು ಹಾಕಿ ಹಗ್ಗ ಕೂರಿಸಬೇಕು. ಕೆರೆಯಾದರೆ ಅದೂ ಬೇಡ, ಕೆಸರು ನುಂಗಿಬಿಡುತ್ತದೆ. ಅಲ್ಲಿಗೆ ಅಡಿಕೆ ಹಾಳೆಯ ಪೊಟ್ಟಣದಲ್ಲಿ ಮರಳು. ಒಮ್ಮೆ ಬೆಟ್ಟಂಪಾಡಿಯ ಕಡೆಯ ಒಬ್ಬರು ತಮ್ಮ ಕೆರೆಗೆ ಬಾತು ಬೇಕು ಅಂದಾಗ, ಕೆರೆ ಕಣ್ಣಾರೆ ನೋಡದೆ ಕೊಡುವುದಿಲ್ಲ ಎಂದು ಅಷ್ಟು ದೂರ ಹೋಗಿ, ಲಂಗೋಟಿಯಲ್ಲಿ ಇಳಿದು, ತಳದ ಕೆಸರನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮೇಲೆ ಬಂದಿದ್ದ.

ಹಗ್ಗದ ಕಥೆ ಬೇರೆ. ಅದು ಸಿಟ್ಟಿನಿಂದ ಹುಟ್ಟಿದ್ದು.

ಮದುವೆಯಾದ ಹೊಸತರಲ್ಲಿ ಅವನೂ ಎಲ್ಲರ ಹಾಗೆ ತೆಂಗಿನ ಹುರಿಯನ್ನೇ ಕಟ್ಟುತ್ತಿದ್ದ. ಆಗ ಅವನ ಹತ್ತಿರ ಬೊಳ್ಳ ಎಂಬ ಒಂದು ಬಿಳಿ ನಾಯಿ ಇತ್ತು. ಗುಂಡು ತಾಗಿ ಬಿದ್ದ ಹಕ್ಕಿಯನ್ನು ತರಲು ಬೊಳ್ಳ ಕಯಕ್ಕೆ ಹಾರಿತು. ಹುರಿ ಅದರ ಹಿಂಗಾಲಿಗೆ ಸುತ್ತಿಕೊಂಡಿತು. ಚನಿಯಪ್ಪ ದಡದಿಂದ ಈಜಿ ತಲುಪುವಷ್ಟರಲ್ಲಿ ನಾಯಿಯ ಮೂಗು ನೀರಿನ ಕೆಳಗೆ ಹೋಗಿತ್ತು. ಅವನು ಅದನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದ. ಇದ್ದ ಅಷ್ಟೂ ತೆಂಗಿನ ಹುರಿಯನ್ನು ಅಂಗಳದ ನಡುವೆ ರಾಶಿ ಹಾಕಿ ಬೆಂಕಿ ಕೊಟ್ಟ. ತಿಮ್ಮಕ್ಕ "ಒಂದು ನಾಯಿಗೆ ಇಷ್ಟು ರಂಪವಾ?" ಅಂದದ್ದಕ್ಕೆ, "ನಾಳೆ ಅದೇ ಹುರಿಗೆ ಮನುಷ್ಯ ಸಿಕ್ಕಿದರೆ ಎಷ್ಟು ರಂಪ ಮಾಡುದು ಅವ್ವ, ನೀನೇ ಅಳತೆ ಹೇಳು" ಎಂದು ಕಿರುಚಿದ.

ಆಮೇಲೆ ಅವನಿಗೆ ಹುಚ್ಚೇ ಹಿಡಿಯಿತು. ಕತ್ತಾಳೆ ನಾರು ತಂದ, ಹತ್ತಿಯ ದಾರ ತಂದ, ಯಾವುದೋ ಕಾಡುಬಳ್ಳಿಯ ಸಿಪ್ಪೆ ತಂದ. ಒಂದೊಂದನ್ನೂ ಹಲಸಿನ ಮರದ ಬುಡಕ್ಕೆ ಕಟ್ಟುವುದು, ಇನ್ನೊಂದು ತುದಿಯನ್ನು ತನ್ನ ಕಾಲಿಗೆ ಸುತ್ತುವುದು, ಒದೆಯುವುದು. ಕತ್ತಾಳೆ ಹರಿಯಲಿಲ್ಲ, ಅವನೇ ಅಂಗಾತ ಬಿದ್ದ. ಹತ್ತಿಯ ದಾರ ನೀರಲ್ಲಿ ವಾರದೊಳಗೆ ಕೊಳೆಯಿತು. ಕೊನೆಗೆ ಒಗ್ಗಿದ್ದು ಬಾಳೆನಾರು. ಕಯದ ಹರಿವಿಗೆ ಬಾತನ್ನು ಹಿಡಿದು ನಿಲ್ಲಿಸುವಷ್ಟು ಗಟ್ಟಿ, ಕಾಲು ಜಾಡಿಸಿ ಒದ್ದರೆ ಪಟ್ಟೆಂದು ಹರಿಯುವಷ್ಟು ಮೆದು. ಆ ಹದ ತಂದವಳು ಶೀಲಾವತಿ. ನಾರು ಎಳೆದು, ತೊಡೆಯ ಮೇಲೆ ಹೊಸೆದು, ಗಂಜಿಯಲ್ಲಿ ಅದ್ದಿ ಒಣಗಿಸುತ್ತಿದ್ದಳು. ಪುರಿ, ಅಂದರೆ ನಾರಿನ ತಿರುಚು, ಹೆಚ್ಚಾದರೆ ಹಗ್ಗ ಹರಿಯುವುದಿಲ್ಲ, ಕಡಿಮೆಯಾದರೆ ನಿಲ್ಲುವುದಿಲ್ಲ. ಮೊದಲ ಹಂಗಾಮಿನಲ್ಲಿ ಅವಳ ತೊಡೆಯ ಚರ್ಮ ಕಿತ್ತುಹೋಗಿತ್ತು.

"ಬಾತನ್ನು ಹಿಡಿಯಬೇಕು, ಕಾಲನ್ನು ಬಿಡಬೇಕು. ಇಷ್ಟೇ ಶೀಲಾ, ಬೇರೆಂತ ಬೇಡ."

"ನಿಮಗೆ ಬಾಯಲ್ಲಿ ಹೇಳುದು. ತೊಡೆ ನನ್ನದು."

ಹಾಗೆ ಬೈಯುತ್ತಲೇ ಅವಳು ವರ್ಷ ವರ್ಷ ಹೊಸೆದಳು, ಯಾಕೆಂದರೆ ಬಾಳೆನಾರು ಒಂದು ಹಂಗಾಮಿಗಿಂತ ಹೆಚ್ಚು ಬಾಳುವುದಿಲ್ಲ. ಹೊಸ ಹಗ್ಗ ಬಂದಾಗಲೆಲ್ಲ ಚನಿಯಪ್ಪ ಮರದ ಬುಡದಲ್ಲಿ ನಿಂತು ಒಂದೊಂದನ್ನೂ ಒದ್ದು ನೋಡುತ್ತಿದ್ದ. ದಾರಿಹೋಕರಿಗೆ ಅದೊಂದು ನಾಟಕ.

"ಎಂತ ಚನಿಯಪ್ಪಣ್ಣ, ಹಲಸಿನ ಮರ ನಿಮಗೆ ಎಂತ ಅನ್ಯಾಯ ಮಾಡಿದ್ದು?"

"ಮರ ಅನ್ಯಾಯ ಮಾಡುದಿಲ್ಲ ಮಾರಾಯ. ಅದಕ್ಕೆ ದಾರಿಯಲ್ಲಿ ಹೋಗುವವರ ಸುದ್ದಿ ಬೇಡ."

ಎಲ್ಲರಿಗಿಂತ ಹೆಚ್ಚು ಗೇಲಿ ಮಾಡುತ್ತಿದ್ದವನು ಅಚ್ಚುತ. ಸುಳ್ಯದ ರಸ್ತೆಯ ಬದಿಯಲ್ಲಿ ಅವನ ತೋಟ. ಪರವಾನಗಿಯ ಕೋವಿ ಇತ್ತು, ಕೈ ದೊಡ್ಡದು, ಮಾತು ಇನ್ನೂ ದೊಡ್ಡದು. ಭಾವನ ಮೇಲೆ ಅವನಿಗೆ ನಿಜವಾದ ಪ್ರೀತಿ ಇತ್ತು, ಅದನ್ನು ಸುಳ್ಳೆನ್ನಲಾಗದು. ಆದರೆ ದೊಡ್ಡ ಗಾಳಿ ಬಂದಾಗ ಒಂದೆರಡು ಹಗ್ಗ ಹರಿದು ಬಾತು ತೇಲಿ ಹೋದರೆ ಅವನಿಗೆ ಸಹನೆ ಇರುತ್ತಿರಲಿಲ್ಲ. "ಭಾವ, ನಿನ್ನ ಹಗ್ಗ ದಲ್ಲಾಳಿಯ ಮಾತಿನ ಹಾಗೆ. ಎಳೆದರೆ ಹರಿಯುತ್ತದೆ" ಎನ್ನುತ್ತಿದ್ದ. "ಹರಿಯಲಿಕ್ಕೇ ಮಾಡಿದ್ದು ಭಾವ. ಬಾತು ಹೋದರೆ ಪಾಲೆಮರ ಉಂಟು. ಬೇರೆ ಎಂತಾದರೂ ಹೋದರೆ?" ಎಂದು ಚನಿಯಪ್ಪ ಕೇಳುತ್ತಿದ್ದ.

ಹೀಗೆ ಅವನಿಗೆ ಒಂದು ಅಭ್ಯಾಸ ಬೆಳೆಯಿತು. ಬಿದ್ದ ಹಕ್ಕಿ ತರಲು ಕಯಕ್ಕೆ ಇಳಿದರೆ ಹಗ್ಗಗಳನ್ನು ತಪ್ಪಿಸಿಕೊಂಡು ಈಜುತ್ತಿರಲಿಲ್ಲ. ನೇರ ನುಗ್ಗುವುದು, ಕಾಲಿಗೆ ಸಿಕ್ಕರೆ ಒದ್ದು ಹರಿದುಕೊಂಡು ಮುಂದೆ ಹೋಗುವುದು. ತನ್ನ ಹೆಂಡತಿಯ ಕೈಯನ್ನು ಅವನು ಅಷ್ಟು ನಂಬಿದ್ದ.

ಅರವತ್ತನಾಲ್ಕರ ಕೆಡ್ಡಸ ಬಂತು. ಮಕರ ತಿಂಗಳ ಕೊನೆಗೆ ಮೂರು ದಿನ ಭೂಮಿತಾಯಿ ಮುಟ್ಟಾಗುತ್ತಾಳೆ ಎಂಬುದು ಈ ಕಡೆಯ ನಂಬಿಕೆ. ಆ ಮೂರು ದಿನ ನೆಲ ಅಗೆಯುವ ಹಾಗಿಲ್ಲ, ಗಿಡ ಕಡಿಯುವ ಹಾಗಿಲ್ಲ, ಹಸಿ ಎಲೆಗೆ ಕತ್ತಿ ತಾಗಿಸುವ ಹಾಗಿಲ್ಲ. ಹೆಂಗಸರು ಅಕ್ಕಿ ಹುರಿದು, ಹುಡಿ ಮಾಡಿ, ಬೆಲ್ಲ ಬೆರೆಸುತ್ತಾರೆ; ಗಂಡಸರು ಬೇಟೆಗೆ ಹೋಗುತ್ತಾರೆ. ಅಚ್ಚುತ ಆ ವರ್ಷ ಸುಳ್ಯದಿಂದ ಗೆಳೆಯರನ್ನು ಕರೆದಿದ್ದ. ಕಯದಲ್ಲಿ ಎರಡು ಕೋವಿ, ಹನ್ನೆರಡು ಬಾತು, ಭರ್ಜರಿ ಬೇಟೆ ಎಂದು ಮೊದಲೇ ಹೇಳಿಕೊಂಡು ಬಂದಿದ್ದ.

ಕೆಡ್ಡಸದ ಮೊದಲ ದಿನ ಬೆಳಿಗ್ಗೆ ಶೀಲಾವತಿ ಹೊರಗೆ ಬಂದು ನೋಡಿದರೆ, ಒಣಗಲು ಹಾಕಿದ್ದ ಹಗ್ಗಗಳನ್ನು ಕರು ಜಗಿಯುತ್ತಿತ್ತು. ಗಂಜಿಯ ರುಚಿ ಅದಕ್ಕೆ. ಉಳಿದದ್ದು ನಾಲ್ಕೇ. ಹಿತ್ತಿಲಲ್ಲಿ ಬಾಳೆ ಇತ್ತು, ಕೈಯಲ್ಲಿ ಕತ್ತಿ ಇತ್ತು, ಬಾಗಿಲಲ್ಲಿ ತಿಮ್ಮಕ್ಕ ಇದ್ದಳು.

"ಮುಟ್ಟಿದರೆ ಜಾಗ್ರತೆ. ಹೆಣ್ಣಾಗಿ ಹುಟ್ಟಿ ಇಷ್ಟು ಗೊತ್ತಿಲ್ಲವಾ?"

ಶೀಲಾವತಿ ಕತ್ತಿ ಕೆಳಗಿಟ್ಟಳು. ಸಂಜೆ ಅಚ್ಚುತ ಬಂದಾಗ ಚನಿಯಪ್ಪ ಸಂಗತಿ ಹೇಳಿದ. "ನಾಲ್ಕೇ ಬಾತು ಭಾವ. ಹಗ್ಗ ಇಲ್ಲದ್ದು ನೀರಿಗೆ ಇಳಿಯುದಿಲ್ಲ."

"ನಾಲ್ಕು ಬಾತಿಗೆ ಯಾವ ಹಕ್ಕಿ ಬರುತ್ತದೆ? ಮನೆಯಲ್ಲಿ ತೆಂಗಿನ ಹುರಿ ಇಲ್ಲವಾ?"

"ಬಾಯಿಗೆ ಬಂದದ್ದು ಹೇಳಬೇಡ. ಬೊಳ್ಳನನ್ನು ಹೂತದ್ದು ಆ ಮೂಲೆಯಲ್ಲಿ."

"ಆಯ್ತು ಮಾರಾಯ, ಆಯ್ತು. ನಾಲ್ಕೇ." ಅಚ್ಚುತ ನಕ್ಕ. ಗೆಳೆಯರಿಗೆ ತೋರಿಸಲಿಕ್ಕೆ ಎಂದು ಹನ್ನೆರಡನ್ನೂ ಬುಟ್ಟಿಯಲ್ಲಿ ತುಂಬಿಸಿಕೊಂಡು ಹೋದ.

ಬೇಟೆಯ ದಿನ ಬೆಳಕು ಹರಿಯುವಾಗ ಹೊಳೆಯ ಮೇಲೆ ಮಂಜು ಇತ್ತು. ಚನಿಯಪ್ಪ ಹೊರಡುವಾಗ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡಿದ್ದ. ತಿಮ್ಮಕ್ಕ ಅದನ್ನು ಕಿತ್ತು ಒಳಗಿಟ್ಟಳು: "ಕೆಡ್ಡಸ ಕಳೆಯಲಿ." ಅವನು ಗೊಣಗುತ್ತ ಇಳಿದು ಹೋದ. ಕಯದಲ್ಲಿ ಅಚ್ಚುತ ಬಾತುಗಳನ್ನು ಮೊದಲೇ ತೇಲಿಬಿಟ್ಟಿದ್ದ.

ಸ್ವಲ್ಪ ಹೊತ್ತಿಗೆ ಕೋವಿಯ ಶಬ್ದ ಮನೆಗೆ ಕೇಳಿಸಿತು. ಆಮೇಲೆ ಕೂಗು ಕೇಳಿಸಿತು. ಬಿದ್ದ ಹಕ್ಕಿ ತರಲು ಚನಿಯಪ್ಪ ಯಾವಾಗಿನ ಹಾಗೆ ನೇರ ನುಗ್ಗಿದ್ದ, ಯಾವಾಗಿನ ಹಾಗೆ ಒದ್ದಿದ್ದ. ಹರಿಯಲಿಲ್ಲ. ಮತ್ತೆ ಒದ್ದ, ಮತ್ತೊಂದು ಸುತ್ತು ಬಿತ್ತು. ಅವನನ್ನು ಮೇಲೆ ತಂದದ್ದು ಕಡಬದ ಪೇಟೆಯಲ್ಲಿ ಬಲೆ, ಗಾಳ, ಒಣಮೀನು ಮಾರುತ್ತಿದ್ದ ಬ್ಯಾರಿ ಅಹ್ಮದ್ ಕುಂಞಿ. ಹಕ್ಕಿ ಕೊಂಡುಹೋಗಲು ಬಂದಿದ್ದವನು. ಜೀವ ಇರುವಾಗಲೇ ಹಲಾಲ್ ಮಾಡಬೇಕೆಂದು ಅವನ ಹತ್ತಿರ ಒಂದು ಸಣ್ಣ ಚೂರಿ ಇತ್ತು. ಮುಳುಗಿ, ಕೊಯ್ದು, ಎಳೆದು ತಂದ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಪಟೇಲರು ಬಂದು ನೋಡಿ, ಆಕಸ್ಮಿಕ ಎಂದು ಹೇಳಿ ಹೋದರು. "ಹಗ್ಗ ಸುತ್ತಿಕೊಂಡಿತು" ಎಂದು ಅಚ್ಚುತ ಎಲ್ಲರಿಗೂ ಹೇಳಿದ. ಯಾವ ಹಗ್ಗ ಎಂದು ಹೇಳಲಿಲ್ಲ. ಈ ಭೂಮಿಯಲ್ಲಿ ನಡೆಯುವ ಅರ್ಧ ಅನ್ಯಾಯಕ್ಕೆ ಸುಳ್ಳು ಸಹ ಬೇಕಾಗುವುದಿಲ್ಲ. ಅರ್ಧ ಮಾತು ಸಾಕು, ಉಳಿದರ್ಧವನ್ನು ಊರೇ ತುಂಬಿಕೊಳ್ಳುತ್ತದೆ.

ಆವತ್ತಿನಿಂದ ತಿಮ್ಮಕ್ಕ ಸೊಸೆಯ ಕೈಯಿಂದ ಒಂದು ಲೋಟ ನೀರು ಸಹ ಮುಟ್ಟಲಿಲ್ಲ. ತಾನೇ ಬೇರೆ ಒಲೆ ಹೂಡಿ ಗಂಜಿ ಬೇಯಿಸಿಕೊಂಡಳು. ನೋಡಲು ಬಂದ ಹೆಂಗಸರು ಶೀಲಾವತಿಯ ಮುಖ ನೋಡುವ ಮೊದಲು ಅವಳ ಕೈ ನೋಡುತ್ತಿದ್ದರು. ಒಬ್ಬಳು, ಒಳ್ಳೆಯ ಮನಸ್ಸಿನಿಂದಲೇ ಇರಬೇಕು, "ಬೇಜಾರು ಮಾಡಬೇಡ, ನೀನು ಬೇಕಂತ ಗಟ್ಟಿ ಹೊಸೆದದ್ದಲ್ಲವಲ್ಲ" ಅಂದಳು. ಶೀಲಾವತಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಂಡ ಹೋದದ್ದು ಒಂದು. ಆ ಸಾವು ತನ್ನ ತೊಡೆಯ ಮೇಲೆ ಹೊಸೆದು ಬಂದದ್ದು ಎಂದು ಇಡೀ ಊರು ನಂಬುವುದು ಇನ್ನೊಂದು. ಮೊದಲನೆಯದನ್ನು ಹೊರಬೇಕು, ಬೇರೆ ದಾರಿ ಇಲ್ಲ. ಎರಡನೆಯದನ್ನು ಹೊರಲಾರೆ ಎಂದು ಅವಳು ಗಟ್ಟಿ ಮಾಡಿಕೊಂಡಳು.

ಸೂತಕ ಕಳೆಯುವವರೆಗೆ ಹೆಂಡತಿಯಾದವಳು ಮನೆಯ ಗಡಿ ದಾಟಬಾರದು. ಅವಳು ಹಾಡುಹಗಲೇ ದಾಟಿದಳು. ತಲೆಗೆ ಸೆರಗು ಸಹ ಹೊದೆಯದೆ ಕಡಬದ ಪೇಟೆಯ ನಡುವೆ ನಡೆದು ಅಹ್ಮದ್ ಕುಂಞಿಯ ಅಂಗಡಿಯ ಮುಂದೆ ನಿಂತಳು. ಅವನು ತಕ್ಕಡಿ ಕೆಳಗಿಟ್ಟ.

"ಬ್ಯಾರಿಗಳೇ, ನೀವು ನೀರೊಳಗೆ ಕೊಯ್ದದ್ದು ಎಂತ?"

ಅವನ ಕಣ್ಣು ತುಂಬಿತು. "ಕೇಳಲಿಕ್ಕೆ ಯಾರಾದರೂ ಬರುತ್ತಾರೆ ಅಂತ ಕಾದೆ ಅಕ್ಕ. ಯಾರೂ ಬರಲಿಲ್ಲ."

"ನಾನು ಬಂದೆನಲ್ಲ. ಹೇಳಿ."

ಅವನು ಒಳಗಿನಿಂದ ಒಂದು ಉರುಳೆ ತಂದಿಟ್ಟ. ಮಂಗಳೂರಿನಿಂದ ಹೊಸತಾಗಿ ಬರಲು ಶುರುವಾಗಿದ್ದ ನೈಲಾನ್ ನೂಲು. ಬೆಳಕಿಗೆ ಹಿಡಿದರೆ ಮಾತ್ರ ಕಾಣಿಸುವಂಥದ್ದು. ಹೊಳೆಯಲ್ಲಿ ದೊಡ್ಡ ಮೀನು ಹಿಡಿಯುವವರಿಗೆಂದು ತರಿಸಿದ್ದ. "ಕೆಡ್ಡಸದ ಎರಡನೆಯ ದಿನ ಅಚ್ಚುತಣ್ಣ ಬಂದು ಕೊಂಡುಹೋದರು. ಮೀನಿಗೆ ಅಂತ ನಾನು ಎಣಿಸಿದ್ದು. ಕೊಯ್ಯುವಾಗ ಕೈಗೆ ಸಿಕ್ಕಿದಾಗಲೇ ಗೊತ್ತಾದದ್ದು. ಒಂದು ಬಾತಿಗಲ್ಲ, ಸಾಲಿನಲ್ಲಿ ಎಂಟನ್ನೂ ಒಂದೇ ನೂಲಿಗೆ ಪೋಣಿಸಿ, ಎರಡು ತುದಿಗೂ ಎತ್ತಲಾಗದ ಕಲ್ಲು ಕಟ್ಟಿದ್ದರು. ಆಮೇಲೆ ಅವರು ಬಂದು, ಹೋದವನು ಬರುದಿಲ್ಲ, ಮನೆ ಒಡೆಯುವ ಕೆಲಸ ಮಾಡಬೇಡ ಅಂತ ಹೇಳಿದರು."

"ಮನೆ ಒಡೆದಾಯಿತು ಬ್ಯಾರಿಗಳೇ. ಬೊಜ್ಜದ ದಿನ ನೀವು ಬರಬೇಕು. ಈ ನೂಲು ಒಂದು ತುಂಡು ಕೊಡಿ."

ಬೊಜ್ಜ, ಅಂದರೆ ಉತ್ತರಕ್ರಿಯೆಯ ದಿನ. ಸತ್ತವನಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿಡುತ್ತಾರೆ. ನೆಂಟರು, ಊರವರು ಅಂಗಳ ತುಂಬ ಇದ್ದರು. ಅಚ್ಚುತ ಎರಡು ದಿನ ಮೊದಲೇ ಬಂದು ಚಪ್ಪರ ಹಾಕಿಸಿ, ಅಕ್ಕಿ, ಕಾಯಿ ಎಲ್ಲ ಹೊರಿಸಿ, ಮೈ ಮುರಿದು ದುಡಿದಿದ್ದ. ಎಲೆ ಹಾಕುವ ಹೊತ್ತಿಗೆ ಶೀಲಾವತಿ ಹಲಸಿನ ಮರದ ಬುಡಕ್ಕೆ ಹೋಗಿ 'ಅಣ್ಣಾ' ಎಂದು ಕರೆದಳು. ಆ ಸ್ವರಕ್ಕೆ ಅಂಗಳದ ಮಾತು ನಿಂತಿತು.

ಅಚ್ಚುತ ಬಂದ. ಅವಳು ನೈಲಾನ್ ನೂಲಿನ ಒಂದು ತುದಿಯನ್ನು ಮರಕ್ಕೆ ಕಟ್ಟಿದ್ದಳು.

"ಕಾಲು ಕೊಡು."

"ಎಂತ ಹುಚ್ಚು ಶೀಲಾ? ಜನ ನೋಡುತ್ತಾರೆ."

"ನೋಡಲಿಕ್ಕೇ ಕರೆದದ್ದು. ಎಡಗಾಲು ಕೊಡು."

ಅಚ್ಚುತನ ಕಣ್ಣು ಗೇಟಿನ ಬಳಿ ನಿಂತಿದ್ದ ಅಹ್ಮದ್ ಕುಂಞಿಯ ಮೇಲೆ ಬಿತ್ತು. ಆಮೇಲೆ ಅವನು ಎಡಗಾಲು ಮುಂದಿಟ್ಟ. ಅವಳು ಕೂತು ಅಣ್ಣನ ಪಾದದ ಗಂಟಿಗೆ ನೂಲು ಸುತ್ತಿ ಗಂಟು ಹಾಕಿದಳು. ಸಣ್ಣವಳಿದ್ದಾಗ ಅವನ ಕಾಲಿನ ಮುಳ್ಳು ತೆಗೆಯುತ್ತಿದ್ದ ಅದೇ ಕೈಗಳು.

"ಒದೆ."

ಅವನು ಒದ್ದ ಹಾಗೆ ಮಾಡಿದ.

"ಹಾಗಲ್ಲ. ನೀರಲ್ಲಿ ಉಸಿರು ಕಟ್ಟಿದವನು ಒದೆಯುವ ಹಾಗೆ ಒದೆ!"

ಅವನು ಒದ್ದ. ನೂಲು ತಂತಿಯ ಹಾಗೆ ಬಿಗಿಯಿತು, ಹರಿಯಲಿಲ್ಲ. ಅವನು ಮುಗ್ಗರಿಸಿ ಕೈಯೂರಿದ. ಪಾದದ ಗಂಟಿನ ಸುತ್ತ ಸಪೂರ ಕೆಂಪು ಗೆರೆ ಮೂಡಿ ರಕ್ತ ಜಿನುಗಿತು. ತಿಮ್ಮಕ್ಕ ಜಗಲಿಯಿಂದ ಇಳಿದು ಹತ್ತಿರ ಬಂದಳು. ಮಗನ ಕಾಲನ್ನು ತಾನೇ ತೊಳೆದವಳು ಆ ಗೆರೆಯನ್ನು ಬಗ್ಗಿ ನೋಡಿದಳು. ಮತ್ತೆ ನೋಡಿದಳು.

ಶೀಲಾವತಿ ಕರು ಬಿಟ್ಟ ನಾಲ್ಕರಲ್ಲಿ ಒಂದು ಬಾಳೆನಾರಿನ ಹಗ್ಗವನ್ನು ತಂದು ಇನ್ನೊಂದು ಕಾಲಿಗೆ ಕಟ್ಟಿದಳು. "ಈಗ ಒದೆ."

ಪಟ್ಟೆಂದಿತು. ತುಂಡು ನೆಲದ ಮೇಲೆ ಬಿತ್ತು.

"ಇದು ನಾನು ಹೊಸೆದದ್ದು," ಎಂದು ಅವಳು ಅಂಗಳದ ಕಡೆ ತಿರುಗಿದಳು. "ಕಂಡಿತಲ್ಲ ಎಲ್ಲರಿಗೂ? ಗಾದೆ ಕಟ್ಟಿದವರಿಗೂ ಕಂಡಿತಲ್ಲ?" ಮತ್ತೆ ಅಣ್ಣನ ಕಡೆ ತಿರುಗಿದಳು. "ಅವತ್ತು ನಾಲ್ಕಕ್ಕಿಂತ ಹೆಚ್ಚು ಬಾತು ಕಂಡು ನಿನ್ನ ಭಾವ ಕೇಳಲಿಲ್ಲವಾ, ಹಗ್ಗ ಯಾವುದು ಅಂತ?"

ಅಚ್ಚುತ ನೆಲದ ಮೇಲೆ ಕೂತಿದ್ದ.

"ಕೇಳಿದ."

"ನೀನು ಎಂತ ಹೇಳಿದೆ?"

ಅಚ್ಚುತ ಕಾಲಿನ ರಕ್ತವನ್ನು ಬೆರಳಿನಿಂದ ಒರೆಸಿದ. "ಶೀಲಾ ಹೊಸೆದದ್ದೇ, ಅಟ್ಟದಲ್ಲಿ ಹಳೆಯದು ಇತ್ತು ಅಂತ ಹೇಳಿದೆ."

ಅಂಗಳದಲ್ಲಿ ಯಾರೋ 'ಅಯ್ಯೋ ದೇವರೇ' ಅಂದರು. ಶೀಲಾವತಿ ಮರಕ್ಕೆ ಕೈಯೂರಿ ನಿಂತಳು. ಅಂದರೆ ಗಂಡ ತನ್ನ ಹೆಸರು ಕೇಳಿ ನೀರಿಗೆ ಇಳಿದಿದ್ದ. ತನ್ನ ಹೆಸರನ್ನು ನಂಬಿ ಒದ್ದಿದ್ದ.

"ನನಗೆ ಹೀಗಾಗುತ್ತದೆ ಅಂತ ಗೊತ್ತಿರಲಿಲ್ಲ ತಂಗಿ," ಎಂದು ಅಚ್ಚುತ ಅತ್ತ. "ನಾಲ್ಕು ಜನರ ಮುಂದೆ ಬಾತು ತೇಲಿ ಹೋಗಬಾರದು ಅಂತ ಮಾತ್ರ..."

"ಗೊತ್ತಿಲ್ಲದ್ದು ಕೆಡ್ಡಸದ ದಿನ. ಮರುದಿನ ಗೊತ್ತಿತ್ತಲ್ಲ? ನಿನ್ನ ಮುಂದೆಯೇ ಅತ್ತೆ ನನ್ನನ್ನು ಕೊಲೆಗಾತಿ ಮಾಡಿದಾಗ ಗೊತ್ತಿತ್ತಲ್ಲ? ತೆಂಗಿನಮರದಲ್ಲಿ ಎಂತ ನೋಡಿದೆ ಅಷ್ಟು ಹೊತ್ತು?"

ಅವಳು ಬಗ್ಗಿ ಅವನ ಕಾಲಿನ ನೂಲನ್ನು ಬಿಚ್ಚಿದಳು. "ಊಟ ಮಾಡಿ ಹೋಗು. ಬೊಜ್ಜದ ಎಲೆ ಬಿಟ್ಟು ಏಳಬಾರದು. ಇವತ್ತು ಮಾತ್ರ."

ತಿಮ್ಮಕ್ಕ ಹರಿದ ಬಾಳೆನಾರಿನ ತುಂಡನ್ನು ಎತ್ತಿಕೊಂಡಿದ್ದಳು. ಅದನ್ನು ಕೈಯಲ್ಲಿ ಸುತ್ತುತ್ತ, ಸೊಸೆಯ ಮುಖ ನೋಡದೆ, "ಕತ್ತಿ ತೆಗೆದಿಟ್ಟವಳು ನಾನು" ಅಂದಳು. ಅಷ್ಟು ದಿನ ಅವಳ ಬಾಯಿಂದ ಬೇರೆ ಬೇರೆ ರೂಪದಲ್ಲಿ ಬಂದದ್ದೆಲ್ಲ ಆ ಒಂದೇ ಮಾತು ಇರಬೇಕು.

"ನೀವು ಕೆಡ್ಡಸ ಪಾಲಿಸಿದ್ದು ಅತ್ತೆ," ಎಂದಳು ಶೀಲಾವತಿ. "ನಾನೂ ಬಾಳೆ ಕಡಿಯಲಿಲ್ಲ. ನಾವು ಯಾರಿಗೂ ಸುಳ್ಳು ಹೇಳಲಿಲ್ಲ."

ತಿಮ್ಮಕ್ಕ ಹಗ್ಗದ ತುಂಡನ್ನು ಮಗನ ಎಲೆಯ ಪಕ್ಕದಲ್ಲಿಟ್ಟಳು. ಆಮೇಲೆ ತನ್ನ ಎಲೆಯ ಮುಂದೆ ಕೂತು, "ಬಡಿಸು" ಅಂದಳು.

ಹಕ್ಕಿಯ ಶಾಪದ ಮಾತು ಕಡಬದಲ್ಲಿ ಆಮೇಲೆ ಕೇಳಿಸಲಿಲ್ಲ. ಹೇಳಿದ್ದವರಲ್ಲಿ ಯಾರೂ ತಪ್ಪಾಯಿತು ಎನ್ನಲಿಲ್ಲ; ಅಂಥವರು ಎಲ್ಲಿಯೂ ಹಾಗೆ ಅನ್ನುವುದಿಲ್ಲ. ಶೀಲಾವತಿ ಗಂಡ ಕೆತ್ತಿಟ್ಟ ಬಾತುಗಳಿಗೆ ಹೊಸ ಹಗ್ಗ ಹೊಸೆದಳು, ಹೊಳೆಯಿಂದ ಚಪ್ಪಟೆ ಕಲ್ಲು ಆರಿಸಿ ತಂದಳು. ಮುಂದಿನ ಹಂಗಾಮಿಗೆ ಬೇಟೆಯವರು ಬಂದು ಬಾತು ಕೇಳಿದಾಗ ಹಲಸಿನ ಮರ ತೋರಿಸಿದಳು. ದೊಡ್ಡ ಮನೆಯವರಾಗಲಿ ಕೂಲಿಯವರಾಗಲಿ, ಮರಕ್ಕೆ ಕಟ್ಟಿದ ಹಗ್ಗವನ್ನು ತಮ್ಮ ಕಾಲಿಗೆ ಸುತ್ತಿ ಒದ್ದು ಹರಿದರೆ ಮಾತ್ರ ಬಾತು. "ಇದೆಂತ ಶಾಸ್ತ್ರ ಮಾರಾಯ್ತಿ?" ಎಂದು ನಕ್ಕವರು ಬರಿಗೈಯಲ್ಲಿ ಹೋದರು.

ಅಚ್ಚುತನೂ ಒಂದು ದಿನ ಬಂದ. ಕೋವಿ ಇರಲಿಲ್ಲ, ಯಾರೂ ಜೊತೆಗಿರಲಿಲ್ಲ. ಅವಳು ಜಗಲಿಯಲ್ಲಿ ನಾರು ಹೊಸೆಯುತ್ತಿದ್ದಳು, ಏಳಲಿಲ್ಲ. ಅವನು ತಾನಾಗಿಯೇ ಮರದ ಹತ್ತಿರ ಹೋಗಿ, ಹಗ್ಗವನ್ನು ಎಡಗಾಲಿಗೆ ಸುತ್ತಿ, ಒದ್ದ. ಹರಿಯಿತು. ಅವನು ತುಂಡು ಹಿಡಿದುಕೊಂಡು ತಂಗಿಯ ಕಡೆ ನೋಡುತ್ತ ನಿಂತ.

ಅವಳು ಬಾತು ಕೊಡಲಿಲ್ಲ.